ಕಲ್ಲುಹಾಸಿನ ಕೆಳಗೇನಿದೆ?

ಹಳೆಯ ಪುಸ್ತಕ ಹುಡುಕಿಕೊಂಡು ಬೆಂಗಳೂರಿನ ಚರ್ಚ್ ಸ್ಟ್ರೀಟ್‌ಗೆ ಹೋಗುವ ವಿದ್ಯಾರ್ಥಿಗಳ ಕಣ್ಣಿಗೆ ಮೊದಲು ಬೀಳುವುದು ಅಲ್ಲಿನ ಕಲ್ಲುಹಾಸು. ಆದರೆ 2018ರಲ್ಲಿ ಹೊಸ ರೂಪ ಪಡೆದ ಈ ಬೀದಿಯ ಮುಖ್ಯ ಕೆಲಸ ನಡೆದದ್ದು ನೆಲದಡಿಯಲ್ಲಿ. ನೀರು, ಒಳಚರಂಡಿ, ವಿದ್ಯುತ್ತು ಇವಕ್ಕೆಲ್ಲ ಅವುಗಳದೇ ದಾರಿಯಿದ್ದರೆ ಪದೇ ಪದೇ ರಸ್ತೆ ಅಗೆಯಬೇಕಾಗಿಲ್ಲ.

ಕಲ್ಲೇನೋ ಗಟ್ಟಿ. ಸಂದುಗಳಲ್ಲಿ ಇಳಿದ ಮಳೆನೀರು ಅಡಿಯ ಮರಳನ್ನು ಕೊಚ್ಚಿಕೊಂಡು ಹೋದರೆ ಮಾತ್ರ ಒಳಗೆ ಟೊಳ್ಳಾಗುತ್ತದೆ. ಮೇಲೆ ವಾಹನ ಹರಿದಾಗ ಕಲ್ಲು ಕುಸಿಯುತ್ತದೆ. ಹೊಸದಾಗಿ ಕಲ್ಲು ಹಾಸಿದ್ದ ಕಮರ್ಷಿಯಲ್ ಸ್ಟ್ರೀಟ್ 2021ರ ಮಳೆಗೆ ಅಲ್ಲಲ್ಲಿ ಕುಸಿದು ಮತ್ತೆ ದುರಸ್ತಿಗೆ ಬಂತು. ಬೀದಿ ಅಗೆದಷ್ಟು ದಿನವೂ ಅಂಗಡಿಗೆ ಗಿರಾಕಿ ಕಡಿಮೆ. ಆ ನಷ್ಟ ಯಾವ ಅಂದಾಜುಪಟ್ಟಿಯಲ್ಲೂ ಸೇರುವುದಿಲ್ಲ!

ಮಳೆ ನಿಂತ ಮೇಲೆ ಇಂಥ ಬೀದಿಗೆ ಹೋದರೆ, ಕಲ್ಲುಗಳ ಸಂದು ತುಂಬಿದೆಯೇ, ನೀರು ಮೋರಿಯತ್ತ ಹರಿಯುತ್ತಿದೆಯೇ ಎಂದು ಪಾಲಕರು ಮಕ್ಕಳಿಗೆ ತೋರಿಸಬಹುದು.