ಪಾರ್ಮಾ ಸೀಮೆಯ ಹೆಪ್ಪು

2025ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನೆರೆದಿದ್ದ ಯುನೆಸ್ಕೋ ಸಂಸ್ಥೆಯ ಸಮಿತಿಯು ಇಟಲಿ ದೇಶದ ಪಾಕಸಂಪ್ರದಾಯವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಹಳೆಯ ದೇವಾಲಯವನ್ನು ಕಾಪಾಡಬೇಕಾದರೆ ಸುತ್ತಲೂ ಬೇಲಿ ಹಾಕಬಹುದು. ತಾಳೆಗರಿಯ ಗ್ರಂಥವನ್ನು ಪೆಟ್ಟಿಗೆಯಲ್ಲಿರಿಸಬಹುದು. ಉಂಡೊಡನೆ ಇಲ್ಲವಾಗುವ ಆಹಾರವನ್ನು ಕಾಪಾಡುವುದು ಹೇಗೆ? ಲೋಕದ ಮೂಲೆಮೂಲೆಯ ಸರಕುಗಳೆಲ್ಲ ಒಂದೇ ಅಂಗಡಿಯಲ್ಲಿ ದೊರೆಯುವ ಈ ಕಾಲದಲ್ಲಿ ಆ ಕೆಲಸ ಇನ್ನಷ್ಟು ಕಠಿಣವಾಗಿದೆ. ಇಟಲಿಯ ಒಂದೇ ಒಂದು ಆಹಾರವನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಷಯವನ್ನು ವಿಚಾರಿಸೋಣ.

ಉತ್ತರ ಇಟಲಿಯ ಪೋ ನದಿಯ ಬಯಲಿನಲ್ಲಿ ಪಾರ್ಮಾ, ರೆಜ್ಜೊ ಎಮಿಲಿಯಾ, ಮೊದೆನಾ ಎಂಬ ಪ್ರಾಂತಗಳಿವೆ. ಇವುಗಳಲ್ಲಿಯೂ ನೆರೆಯ ಬೊಲೊನ್ಯಾ ಮತ್ತು ಮಾಂತೊವಾ ಪ್ರಾಂತಗಳ ಕೆಲವು ಭಾಗಗಳಲ್ಲಿಯೂ ಪಾರ್ಮಿಜಾನೊ ರೆಜ್ಜಾನೊ ಎಂಬ ಗಟ್ಟಿ ಚೀಸು ತಯಾರಾಗುತ್ತದೆ. ಮಧ್ಯಯುಗದಲ್ಲಿ ಆ ಸೀಮೆಯ ಕ್ರೈಸ್ತ ಮಠಗಳಲ್ಲಿ ಇದರ ತಯಾರಿಕೆ ಬೆಳೆದು ಬಂದಿತು. ಡೋಲಿನ ಆಕಾರದ ಒಂದೊಂದು ಗಡ್ಡೆಯೂ ಸುಮಾರು 40 ಕಿಲೋಗ್ರಾಂ ತೂಗುತ್ತದೆ. ಅಷ್ಟಕ್ಕೆ ಸುಮಾರು 550 ಲೀಟರ್ ಹಾಲು ಬೇಕು.

ಸಂಜೆ ಕರೆದ ಹಾಲನ್ನು ರಾತ್ರಿಯೆಲ್ಲ ಅಗಲವಾದ ತೊಟ್ಟಿಗಳಲ್ಲಿ ನಿಲ್ಲಿಸಿ, ಮೇಲೆದ್ದ ಕೆನೆಯನ್ನು ತೆಗೆಯುತ್ತಾರೆ. ಅದಕ್ಕೆ ಬೆಳಗಿನ ಹಾಲನ್ನು ಸೇರಿಸಿ ತಾಮ್ರದ ಕೊಪ್ಪರಿಗೆಗೆ ಸುರಿಯುತ್ತಾರೆ. ಹಿಂದಿನ ದಿನ ಚೀಸು ಮಾಡಿದಾಗ ಉಳಿದ ತಿಳಿನೀರು, ಎಂದರೆ ಹಾಲೊಡಕು, ಅಷ್ಟರಲ್ಲಿ ತಾನಾಗಿಯೇ ಹುಳಿಯೇರಿರುತ್ತದೆ. ಅದನ್ನು ಈ ಹಾಲಿಗೆ ಬೆರೆಸುತ್ತಾರೆ. ನಮ್ಮ ಮನೆಗಳಲ್ಲಿ ನಿನ್ನೆಯ ಮೊಸರಿನಿಂದ ಇಂದಿನ ಹಾಲಿಗೆ ಹೆಪ್ಪು ಹಾಕುವುದಿಲ್ಲವೆ? ಇದೂ ಅಂತಹುದೇ. ಬಳಿಕ ಕರುವಿನ ಜಠರದಿಂದ ಪಡೆದ ರೆನೆಟ್ ಎಂಬ ಕಿಣ್ವವನ್ನು ಹಾಕಿದಾಗ ಹಾಲು ಗಡ್ಡೆಗಟ್ಟುತ್ತದೆ. ಅದನ್ನು ಅಕ್ಕಿಕಾಳಿನಷ್ಟು ಸಣ್ಣದಾಗಿ ಒಡೆದು ಸುಮಾರು 55 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸುತ್ತಾರೆ.

ಹೆಪ್ಪಿನ ಮರ್ಮವಿರುವುದು ಈ ಕಾಯಿಸುವಿಕೆಯಲ್ಲಿಯೇ. ಹಸಿ ಹಾಲಿನಲ್ಲಿರುವ ಅನೇಕ ಬ್ಯಾಕ್ಟೀರಿಯಗಳು ಇಷ್ಟು ಶಾಖವನ್ನು ಸಹಿಸಲಾರವು. ಲ್ಯಾಕ್ಟೊಬ್ಯಾಸಿಲಸ್ ಹೆಲ್ವೆಟಿಕಸ್ ಮೊದಲಾದ ಶಾಖಪ್ರಿಯ ಬಗೆಗಳು ಇದನ್ನು ತಾಳಿಕೊಂಡು, ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವನ್ನಾಗಿ ಮಾರ್ಪಡಿಸುತ್ತವೆ. ಅವುಗಳಿಂದ ತುಂಬಿದ ಹಾಲೊಡಕೇ ಮರುದಿನದ ಹೆಪ್ಪು. ಹೀಗೆ ಪ್ರತಿದಿನವೂ ಶಾಖದ ಜರಡಿಯಲ್ಲಿ ಸೋಸಿ ಬಂದ ಈ ಜೀವಿಸಮೂಹವು ಒಂದು ದಿನದಿಂದ ಇನ್ನೊಂದು ದಿನಕ್ಕೆ ಕೈದಾಟಿ ಬರುತ್ತದೆ.

ಆದರೆ ಈ ಶಾಖಕ್ಕೂ ಜಗ್ಗದ ವೈರಿಯೊಂದುಂಟು. ಹಸಿಮೇವನ್ನು ಗಾಳಿಯಾಡದಂತೆ ಅದುಮಿಟ್ಟು ಹುಳಿಬರಿಸಿದ ರಸಮೇವಿನಲ್ಲಿ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯದ ಬೀಜಾಣುಗಳು ಹೇರಳವಾಗಿರಬಲ್ಲವು. ಮೇವಿನಿಂದ ಸಗಣಿಗೆ, ಸಗಣಿಯಿಂದ ಕೆಚ್ಚಲಿಗೆ, ಅಲ್ಲಿಂದ ಹಾಲಿಗೆ ಅವು ಸೇರುತ್ತವೆ. ಎಷ್ಟೋ ತಿಂಗಳ ಮೇಲೆ ಚೀಸಿನೊಳಗೆ ಮೊಳೆತು, ಅನಿಲವನ್ನುಂಟುಮಾಡಿ, ಗಡ್ಡೆಯನ್ನು ಉಬ್ಬಿಸಿ ಸೀಳುತ್ತವೆ. ಬೇರೆ ಕೆಲವು ಚೀಸುಗಳಲ್ಲಿ ಇದನ್ನು ತಡೆಯಲು ಮೊಟ್ಟೆಯ ಬಿಳಿಯಿಂದ ಪಡೆದ ಲೈಸೊಜೈಮ್ ಎಂಬ ಪದಾರ್ಥವನ್ನು ಹಾಕುವುದುಂಟು. ಪಾರ್ಮಾ ಸೀಮೆಯಲ್ಲಿ ಅದಕ್ಕೆ ಅವಕಾಶವಿಲ್ಲ. ಆದಕಾರಣ ಹಸುಗಳಿಗೆ ರಸಮೇವನ್ನೇ ನಿಷೇಧಿಸಿ, ಆ ಸೀಮೆಯ ಹುಲ್ಲು ಮತ್ತು ಕುದುರೆಮೆಂತೆಯ ಒಣಮೇವನ್ನೇ ಮುಖ್ಯವಾಗಿ ಉಣಿಸುತ್ತಾರೆ.

ಅಚ್ಚಿನಿಂದ ತೆಗೆದ ಗಡ್ಡೆಯನ್ನು ಸುಮಾರು 20 ದಿನ ಉಪ್ಪುನೀರಿನಲ್ಲಿ ಮುಳುಗಿಸಿ, ಅನಂತರ ಕನಿಷ್ಠ 12 ತಿಂಗಳು ಹಲಗೆಗಳ ಮೇಲೆ ಮಾಗಲು ಬಿಡುತ್ತಾರೆ. ಈ ಅವಧಿಯಲ್ಲಿ ಪ್ರೋಟೀನುಗಳು ಒಡೆದು ಅಮೈನೊ ಆಮ್ಲಗಳಾಗುತ್ತವೆ. ಮಾಗಿದ ಚೀಸಿನಲ್ಲಿ ಕಾಣುವ ಬಿಳಿಯ ಕಣಗಳು ಅಂತಹ ಒಂದು ಆಮ್ಲವಾದ ಟೈರೊಸೀನಿನ ಹರಳುಗಳು. ಪರೀಕ್ಷಕನು ಪುಟ್ಟ ಸುತ್ತಿಗೆಯಿಂದ ಬಡಿದು, ನಾದವನ್ನು ಆಲಿಸಿ, ಒಳಗೆ ಬಿರುಕಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಕಾದ ಕಬ್ಬಿಣದ ಮುದ್ರೆ ಬೀಳುತ್ತದೆ.

ಈ ಕಟ್ಟುಪಾಡುಗಳೆಲ್ಲ ಖರ್ಚಿನ ಬಾಬುಗಳೆಂಬುದನ್ನು ನಾವು ಗಮನಿಸಬೇಕು. ರಸಮೇವು ಅಗ್ಗ; ಕಾಯುವಿಕೆ ತುಟ್ಟಿ. ಬೇರೊಬ್ಬನು ಎಲ್ಲಿಯೋ ಅಗ್ಗದಲ್ಲಿ ಚೀಸು ಮಾಡಿ ಇದೇ ಹೆಸರಿನಿಂದ ಮಾರಿದರೆ, ನಿಯಮಕ್ಕೆ ಕಟ್ಟುಬಿದ್ದ ರೈತನ ಗತಿಯೇನು? ಇದನ್ನರಿತೇ ಅಲ್ಲಿನ ತಯಾರಕರು 1934ರಲ್ಲಿ ಒಂದು ಒಕ್ಕೂಟವನ್ನು ಕಟ್ಟಿಕೊಂಡರು. 1996ರಲ್ಲಿ ಯುರೋಪಿನ ಒಕ್ಕೂಟವು ಈ ಹೆಸರಿಗೆ ಕಾನೂನಿನ ರಕ್ಷಣೆ ನೀಡಿತು. ‘ಪಾರ್ಮೆಸಾನ್’ ಎಂಬ ಮಾತೂ ಆ ರಕ್ಷಿತ ನಾಮವನ್ನೇ ಮನಸ್ಸಿಗೆ ತರುತ್ತದೆಯೆಂದು ಯುರೋಪಿನ ನ್ಯಾಯಾಲಯವು 2008ರಲ್ಲಿ ಹೇಳಿತು. ಅಮೆರಿಕದಲ್ಲಾದರೋ ಈ ಮಾತು ಸಾಮಾನ್ಯನಾಮವಾಗಿದ್ದು, ಅಲ್ಲಿಯೇ ತಯಾರಾದ ಚೀಸನ್ನೂ ಆ ಹೆಸರಿನಿಂದ ಮಾರುತ್ತಾರೆ.

ಹೆಸರಿನ ಬಲ ಎಷ್ಟೆಂಬುದಕ್ಕೆ ರೆಜ್ಜಾನಾ ಎಂಬ ಕೆಂಪು ಹಸುವೇ ಸಾಕ್ಷಿ. ಹೆಚ್ಚು ಹಾಲು ಕರೆಯುವ ಕಪ್ಪುಬಿಳುಪಿನ ಫ್ರೀಷಿಯನ್ ಹಸುಗಳು ಬಂದ ಮೇಲೆ ಈ ನಾಡತಳಿಯು ಮೂಲೆಗುಂಪಾಗಿ, 1980ರ ದಶಕದ ಹೊತ್ತಿಗೆ ಸಾವಿರಕ್ಕಿಂತ ಕಡಿಮೆ ಹಸುಗಳು ಉಳಿದಿದ್ದವು. ಆಗ ಕೆಲವು ರೈತರು ಕೆಂಪು ಹಸುವಿನ ಹಾಲಿನಿಂದಲೇ ಬೇರೆಯಾಗಿ ಚೀಸು ಮಾಡಿ, ಅದನ್ನು ಪ್ರತ್ಯೇಕ ಮುದ್ರೆಯೊಂದಿಗೆ ಹೆಚ್ಚಿನ ಬೆಲೆಗೆ ಮಾರಲು ತೊಡಗಿದರು. ತಳಿಯು ಚೇತರಿಸಿಕೊಂಡಿತು. ದೂರದೇಶದ ಗ್ರಾಹಕರು ಕೊಡುವ ಹಣವೂ ಇಂತಹ ರಕ್ಷಣೆಗೆ ಒದಗುತ್ತಿದೆ.

ಆದರೆ ಮುದ್ರೆಯು ಹಾಲು ಕರೆಯಲಾರದು. ಕೊಟ್ಟಿಗೆಯ ಕೆಲಸಕ್ಕೆ ಭಾನುವಾರವಿಲ್ಲ. ಊರಿನ ತರುಣರಲ್ಲಿ ಅನೇಕರು ಅದನ್ನು ಬಿಟ್ಟು ನಡೆದರು. ಅವರ ಜಾಗಕ್ಕೆ 1980ರ ದಶಕದಿಂದೀಚೆಗೆ ನಮ್ಮ ಪಂಜಾಬಿನಿಂದ ವಲಸೆ ಹೋದವರು ಬಂದರು. ರೆಜ್ಜೊ ಎಮಿಲಿಯಾ ಪ್ರಾಂತದ ನೊವೆಲ್ಲಾರಾದಲ್ಲಿ 2000ದಲ್ಲಿ ಅವರ ಗುರುದ್ವಾರವೂ ಪ್ರಾರಂಭವಾಯಿತು. ಇಟಲಿಯ ಈ ಹಳೆಯ ಸಂಪ್ರದಾಯವು ಇಂದು ಬಹುಮಟ್ಟಿಗೆ ಐದು ನದಿಗಳ ನಾಡಿನವರ ಕೈಯಾಸರೆಯಲ್ಲಿ ನಡೆಯುತ್ತಿದೆ.

ಹುಲ್ಲು, ಹಸು, ಬ್ಯಾಕ್ಟೀರಿಯ, ಕಾನೂನು, ಕೈಗಳು — ಇವು ಐದೂ ಕೂಡಿದರೆ ಮಾತ್ರ ನಾಳೆಯ ಚೀಸು ಉಂಟು. ಒಂದು ಮನೆಯ ಹೆಪ್ಪು ತೀರಿದರೆ ನೆರೆಮನೆಯಿಂದ ತರಬಹುದು. ಎಲ್ಲ ಮನೆಗಳ ಹೆಪ್ಪೂ ತೀರಿದ ಮೇಲೆ ಯಾವ ಪಟ್ಟಿಯಿಂದ ತರುವುದು?