ಅಪ್ಪನ ಆಧಾರ್ ಎಲ್ಲಿಂದ ತರಲಿ?

ಪುರವರದಲ್ಲಿ ಬಸ್ಸು ನಿಲ್ಲುವ ಜಾಗದ ಹತ್ತಿರ ಒಂದು ಝೆರಾಕ್ಸ್ ಅಂಗಡಿ. ಮಧುಗಿರಿಯಲ್ಲಿ ಮೊದಲ ವರ್ಷದ ಬಿ.ಕಾಂ. ಓದುವ ಹುಡುಗಿಯೊಬ್ಬಳು ಸ್ಕಾಲರ್‌ಶಿಪ್ ಅರ್ಜಿಗೆಂದು ಸೀರೆ ಅಂಗಡಿಯ ಹಳೇ ಕವರಿನಿಂದ ಒಂದೊಂದೇ ಕಾಗದ ತೆಗೆದು ಟೇಬಲ್ಲಿನ ಮೇಲಿಟ್ಟಳು: ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ತನ್ನ ಆಧಾರ್, ಅಮ್ಮನ ಆಧಾರ್, ಪಾಸ್‌ಬುಕ್, ಕಾಲೇಜಿನ ಫೀ ರಸೀದಿ.

‘ಅಪ್ಪಂದು ಎಲ್ಲಮ್ಮ?’

‘ಇಲ್ಲ ಅಣ್ಣ.’

‘ತೀರ್ಕೊಂಡಿದಾರಾ?’

‘ಇಲ್ಲ, ಇದಾರೆ. ನಮ್ ಜೊತೇಲಿಲ್ಲ.’

ಹಿಂದೆ ನಿಂತಿದ್ದವರ ಮಾತು ನಿಂತಿತು. ಹುಡುಗಿ ಕಾಗದಗಳ ಅಂಚು ಸರಿಮಾಡುತ್ತಾ ತಲೆ ತಗ್ಗಿಸಿದಳು.

ಸತ್ತಿದ್ದರೆ ಮರಣ ಪತ್ರ ಇರುತ್ತಿತ್ತು. ಕೋರ್ಟಿನಲ್ಲಿ ವಿಚ್ಛೇದನವಾಗಿದ್ದರೆ ಡಿಕ್ರಿ ಇರುತ್ತಿತ್ತು. ನಮ್ಮ ಸೀಮೆಯಲ್ಲಿ ಸಂಸಾರ ಮುರಿಯುವುದು ಹಾಗಲ್ಲ. ಊರ ಹಿರಿಯರು ಕೂತು ಒಂದೆರಡು ಸಲ ನ್ಯಾಯ ಹೇಳುತ್ತಾರೆ, ಮೂರನೇ ಸಲ ಹೆಂಗಸು ಕೂಸನ್ನು ಎತ್ತಿಕೊಂಡು ತವರಿಗೆ ಬಂದುಬಿಡುತ್ತಾಳೆ. ಅದಕ್ಕೆ ಕಾಗದ ಹುಟ್ಟುವುದೇ ಇಲ್ಲ. 2011ರ ಜನಗಣತಿಯಲ್ಲಿ ದೇಶದಲ್ಲಿ ವಿಚ್ಛೇದನ ಪಡೆದವರಿಗಿಂತ ಸುಮ್ಮನೆ ಬೇರೆಯಾಗಿ ಬದುಕುವವರೇ ಹೆಚ್ಚುಕಡಿಮೆ ಮೂರು ಪಟ್ಟು ಇದ್ದರು. ಸ್ಕಾಲರ್‌ಶಿಪ್ ಅರ್ಜಿ ಹಾಕುವಾಗ ಹೆಚ್ಚು ಒದ್ದಾಡುವುದು ಇವರ ಮಕ್ಕಳು.

ರಾಜ್ಯದ ವಿದ್ಯಾರ್ಥಿವೇತನಗಳು ಎಸ್‌ಎಸ್‌ಪಿ ಪೋರ್ಟಲ್ಲಿನಲ್ಲಿ ನಡೆಯುತ್ತವೆ. ನಾಡಕಚೇರಿ ಕೊಡುವ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಹಾಕಬೇಕು, ಹೆಸರುಗಳು ತಾಳೆಯಾಗಬೇಕು. ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕುಟುಂಬದ ವರಮಾನ ವರ್ಷಕ್ಕೆ 2.5 ಲಕ್ಷ ದಾಟಬಾರದು. ಪ್ರಶ್ನೆ ಇಷ್ಟೇ: ಕುಟುಂಬ ಅಂದರೆ ಯಾರು?

ಪಾವಗಡದ ಕಡೆ ನೋಡಿ. ತಿರುಮಣಿ ಸುತ್ತಿನ ಸೋಲಾರ್ ಪಾರ್ಕಿಗೆ ರೈತರ ಜಮೀನನ್ನು ಗುತ್ತಿಗೆಗೆ ತೆಗೆದುಕೊಂಡಾಗ ಎಕರೆಗೆ ವರ್ಷಕ್ಕೆ 21,000 ರೂಪಾಯಿ ನಿಗದಿಯಾಯಿತು. ಹನ್ನೆರಡು ಎಕರೆ ಕೊಟ್ಟವನಿಗೆ 2,52,000. ಪಹಣಿ ಅಪ್ಪನ ಹೆಸರಲ್ಲಿ, ದುಡ್ಡು ಅಪ್ಪನ ಖಾತೆಗೆ. ಮಗಳು ಅಜ್ಜಿ ಮನೆಯಲ್ಲಿ, ಅಮ್ಮ ಗಾರ್ಮೆಂಟ್ಸಿನಲ್ಲಿ. ಅಪ್ಪನ ವರಮಾನ ಹಿಡಿದರೆ ಹುಡುಗಿ ಎರಡು ಸಾವಿರ ರೂಪಾಯಿಯ ಲೆಕ್ಕದಲ್ಲಿ ಹೊರಗೆ. ಆ ಹಣದಲ್ಲಿ ಅವಳು ಒಂದು ನೋಟ್‌ಬುಕ್ ಕೊಂಡವಳಲ್ಲ.

ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಕಾಲೇಜು ನೆರವಿಗೆ ಹಾಕುವ ಫಾಫ್ಸಾ ಅರ್ಜಿ ಈ ಗಂಟನ್ನು ಬಿಡಿಸಲು ನೋಡಿದೆ. ಅಪ್ಪ ಅಮ್ಮ ಬೇರೆಯಿದ್ದರೆ, ಕಳೆದ ಹನ್ನೆರಡು ತಿಂಗಳಲ್ಲಿ ಮಗುವಿನ ಖರ್ಚಿಗೆ ಹೆಚ್ಚು ಕೊಟ್ಟವರು ಯಾರು ಎಂದು 2024–25ರಿಂದ ಅದು ಕೇಳುತ್ತದೆ, ಅವರ ವರಮಾನವನ್ನು ಹಿಡಿಯುತ್ತದೆ. ಕೋರ್ಟಿನ ಡಿಕ್ರಿ ಇರಲೇಬೇಕೆಂದಿಲ್ಲ. ನಮ್ಮ ಅರ್ಜಿಯಲ್ಲೂ ಈ ಒಂದು ಪ್ರಶ್ನೆ ಬರಬೇಕು: ನಿನ್ನನ್ನು ಸಾಕುತ್ತಿರುವವರು ಯಾರಮ್ಮ? ಇದು ನಮಗೆ ಹೊಸದೂ ಅಲ್ಲ. ಪಾಸ್‌ಪೋರ್ಟಿಗೆ ಅಪ್ಪ ಅಮ್ಮನಲ್ಲಿ ಒಬ್ಬರ ಹೆಸರು ಸಾಕೆಂದು ಕೇಂದ್ರ 2016ರಲ್ಲಿ ಹೇಳಿತು. ಅಮ್ಮ ಒಬ್ಬಳೇ ಇದ್ದರೆ ಪ್ಯಾನ್ ಕಾರ್ಡಿಗೆ ಅಪ್ಪನ ಹೆಸರು ಕಡ್ಡಾಯವಲ್ಲವೆಂದು 2018ರಲ್ಲಿ ನಿಯಮ ಬದಲಾಯಿತು.

ಅಲ್ಲಿಯವರೆಗೆ ಕಾಗದ ಹುಟ್ಟಿಸಿಕೊಳ್ಳುವುದೊಂದೇ ದಾರಿ. ಮೊದಲು ರೇಷನ್ ಕಾರ್ಡು. ಗಂಡನ ಕಾರ್ಡಿನಲ್ಲೇ ತಾಯಿಯ ಹೆಸರು ಉಳಿದಿದ್ದರೆ ಹೆಜ್ಜೆಹೆಜ್ಜೆಗೂ ಅಡ್ಡಿ. ಹೊಸ ಕಾರ್ಡಿನ ಅರ್ಜಿ ವರ್ಷವಿಡೀ ತೆಗೆದುಕೊಳ್ಳುವುದಿಲ್ಲವಾದ್ದರಿಂದ, ಮಗು ಹೈಸ್ಕೂಲಿನಲ್ಲಿರುವಾಗಲೇ ಈ ಕೆಲಸ ಮುಗಿಸಿಕೊಳ್ಳಬೇಕು. ಆದಾಯ ಪ್ರಮಾಣಪತ್ರಕ್ಕೆ ಗ್ರಾಮ ಆಡಳಿತ ಅಧಿಕಾರಿ ವಿಚಾರಣೆ ಮಾಡುವಾಗ, ತಾನು ಬೇರೆಯಿದ್ದೇನೆ, ಮಗುವನ್ನು ತಾನೇ ಸಾಕುತ್ತಿದ್ದೇನೆ ಎಂದು ತಾಯಿ ಬಾಯಿಬಿಟ್ಟು ಹೇಳಬೇಕು, ಅಫಿಡವಿಟ್ ಕೊಡಬೇಕು. ನಾಚಿಕೆಗೆ ಸುಮ್ಮನಿದ್ದವರೇ ಹೆಚ್ಚು.

ಜೀವನಾಂಶದ ಅರ್ಜಿಯೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಹಳೇ ಸಿಆರ್‌ಪಿಸಿ 125 ಈಗ ಬಿಎನ್‌ಎಸ್‌ಎಸ್ 144. ಕೋರ್ಟು ಆದೇಶ ಕೊಟ್ಟರೆ ಗಂಡ ಹಣ ಕಟ್ಟಲಿ ಬಿಡಲಿ, ಬೇರೆಯಿದ್ದಾರೆ ಎನ್ನುವುದಕ್ಕೆ ಅದೇ ದಾಖಲೆ. ವಕೀಲರಿಗೆ ದುಡ್ಡಿಲ್ಲವೆಂದು ಹಿಂದೆಗೆಯಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಅವರ ವರಮಾನ ಎಷ್ಟೇ ಇರಲಿ, ಕಾನೂನು ನೆರವು ಉಚಿತ. 15100ಕ್ಕೆ ಫೋನ್ ಮಾಡಬಹುದು. ಓದಿನ ಖರ್ಚನ್ನು ಅಪ್ಪ ಅಮ್ಮನಿಂದ ಕೇಳಿ ಪಡೆಯುವುದು ಮಗಳ ಹಕ್ಕು ಎಂದು ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ ಹೇಳಿತು. ಆ ದಂಪತಿ ಬೇರೆಯಾಗಿ 26 ವರ್ಷವಾಗಿತ್ತು. ಐರ್ಲೆಂಡಿನಲ್ಲಿ ಓದುತ್ತಿದ್ದ ಮಗಳಿಗೆ ಅಪ್ಪ ಕೊಟ್ಟಿದ್ದ 43 ಲಕ್ಷ ಅವಳದೇ ಎಂದಾಯಿತು. ಪುರವರದ ಹುಡುಗಿಗೆ ಬೇಕಾಗಿರುವುದು ಕಾಲೇಜು ಫೀಸು, ಬಸ್ ಪಾಸಿನ ದುಡ್ಡು.

ಅಂಗಡಿಯವರು ಅವಳಿಗೊಂದು ಬಿಳಿಹಾಳೆ ಕೊಟ್ಟರು. ಗ್ರಾಮ ಆಡಳಿತ ಅಧಿಕಾರಿಯವರಿಗೆ ಎಂದು ಬರೆದಳು, ತಾಯಿಯವರ ಪೋಷಣೆಯಲ್ಲಿದ್ದು ಎಂದು ಬರೆದಳು. ಆಮೇಲೆ ಪೆನ್ನು ನಿಂತಿತು.

‘ಅಣ್ಣ, ಅಪ್ಪ ನಮ್ಮನ್ನ ಬಿಟ್ಟಿದಾರೆ ಅಂತ ಬರೀಬೇಕಾ? ಬೇರೆ ಇದಾರೆ ಅಂತ ಬರೆದ್ರೆ ಸಾಕಾ?’

‘ಬೇರೆ ಇದಾರೆ ಅಂತ್ಲೇ ಬರಿಯಮ್ಮ.’