ಗೋಪುರವಿಲ್ಲದ ಮಂದಿರದ ಓಣಿ

ದುಬೈನ ಜುಮೇರಾ ಲೇಕ್ ಟವರ್ಸ್‌ನ ಕನ್ನಡ ಮನೆಗಳಿಗೆ ಊರಿನಿಂದ ಹಿರಿಯರು ಬಂದರೆ ದೇವಸ್ಥಾನ ಎಲ್ಲಿದೆ ಎಂಬ ಪ್ರಶ್ನೆ ಬೇಗನೆ ಏಳುತ್ತದೆ. ಉತ್ತರವೂ ಹತ್ತಿರದಲ್ಲೇ ಇದೆ: ಜೆಬೆಲ್ ಅಲಿ. 2022ರ ಅಕ್ಟೋಬರ್‌ನಲ್ಲಿ ಬಾಗಿಲು ತೆರೆದ ಅಲ್ಲಿನ ಹಿಂದೂ ಮಂದಿರದಲ್ಲಿ 16 ದೇವರ ಸನ್ನಿಧಿಗಳಿವೆ, ಗುರು ಗ್ರಂಥ ಸಾಹಿಬ್‌ಗೂ ಜಾಗವಿದೆ. ಪಕ್ಕದಲ್ಲಿ 2012ರ ಗುರುನಾನಕ್ ದರ್ಬಾರ್ ಗುರುದ್ವಾರ. ಯಾವ ಮತದವರು ಹೋದರೂ ಲಂಗರ್‌ನಲ್ಲಿ ಊಟ ಹಾಕುತ್ತಾರೆ.

ಎರಡೂ ನೋಡಲೇಬೇಕಾದವು. ಆದರೆ ಇವುಗಳ ಬೇರು ಇರುವುದು ಹಳೆಯ ದುಬೈನ ಭಾಗವಾದ ಬರ್ ದುಬೈನಲ್ಲಿ.

ಮೆಟ್ರೊದ ಕೆಂಪು ಮಾರ್ಗದಲ್ಲಿ ಬುರ್‌ಜುಮಾನ್‌ವರೆಗೆ ಹೋಗಿ, ಹಸಿರು ಮಾರ್ಗ ಹಿಡಿದು ಅಲ್ ಘುಬೈಬಾದಲ್ಲಿ ಇಳಿದರೆ ಜವಳಿ ಸೂಕ್‌ಗೆ ನಡೆದೇ ಹೋಗಬಹುದು. ಆ ಸಂತೆಯ ಹಿಂದಿನ ಇಕ್ಕಟ್ಟಾದ ಓಣಿಯಲ್ಲಿ ಹೂವಿನ ಹಾರ, ತೆಂಗಿನಕಾಯಿ, ಕುಂಕುಮ ಮಾರುವ ಅಂಗಡಿಗಳು. 1958ರಲ್ಲಿ ದುಬೈನ ದೊರೆ ಶೇಖ್ ರಶೀದ್ ಬಿನ್ ಸಯೀದ್ ಅಲ್ ಮಕ್ತೂಮ್ ಅವರ ಅನುಮತಿಯಿಂದ ಇಲ್ಲಿ ಶಿವ ಮತ್ತು ಕೃಷ್ಣರ ಪೂಜೆ ಶುರುವಾಯಿತು. ದುಬೈನಲ್ಲಿ ತೈಲ ಸಿಕ್ಕಿದ್ದು 1966ರಲ್ಲಿ. ಅದಕ್ಕಿಂತ 8 ವರ್ಷ ಮೊದಲಿನ ಮಾತು ಇದು. ಆಗ ಇಲ್ಲಿನ ಪೇಟೆಯಲ್ಲಿ ಓಡುತ್ತಿದ್ದುದು ಭಾರತದ ರೂಪಾಯಿ. ಸಿಂಧಿ, ಗುಜರಾತಿ ವರ್ತಕರು ಕಟ್ಟಿಕೊಂಡ ಈ ಮಂದಿರಕ್ಕೆ ಗೋಪುರವಿಲ್ಲ, ರಾಜಬೀದಿಯಿಲ್ಲ. ಅಂಗಡಿ ಸಾಲಿನ ನಡುವೆ ಮೆಟ್ಟಿಲು ಹತ್ತಿ ದೇವರನ್ನು ಕಾಣಬೇಕು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಗರದ ಹಿಂದೂಗಳೆಲ್ಲ ಹಬ್ಬದ ದಿನ ಸಾಲುಗಟ್ಟಿ ನಿಂತದ್ದು ಇಲ್ಲೇ.

ಮಗ್ಗುಲಲ್ಲೇ ದೊಡ್ಡ ಮಸೀದಿ. ಮೂಲ ಕಟ್ಟಡ 1900ರದು, ಮಕ್ಕಳಿಗೆ ಕುರಾನ್ ಕಲಿಸುವ ಶಾಲೆಯೂ ಆಗಿತ್ತು. ಈಗಿನದು 1998ರಲ್ಲಿ ಮರುನಿರ್ಮಾಣವಾದದ್ದು, ಮಿನಾರಿನ ಎತ್ತರ 70 ಮೀಟರ್. ಅಜಾನ್, ಘಂಟಾನಾದ ಎರಡೂ ಒಂದೇ ಓಣಿಗೆ ಕೇಳುವ ಇಂಥ ನೆರೆಹೊರೆ ಕೊಲ್ಲಿ ನಾಡಿನಲ್ಲಿ ಅಪರೂಪ.

ಈ ಮಸೀದಿಯೊಳಗೆ ಅನ್ಯಮತೀಯರಿಗೆ ಪ್ರವೇಶವಿಲ್ಲ. ಒಳಗೆ ಕಾಣುವ ಆಸೆಯಿದ್ದವರಿಗೆ 1979ರ ಜುಮೇರಾ ಮಸೀದಿಯಿದೆ. ಫಾತಿಮಿ ಶೈಲಿಯ ಇದರ ಚಿತ್ರ 500 ದಿರ್ಹಮ್ ನೋಟಿನ ಮೇಲೂ ಬಂದಿದೆ. ಮಾರ್ಗದರ್ಶಕರು ಪ್ರಶ್ನೆಗಳಿಗೆಲ್ಲ ಸಾವಧಾನದಿಂದ ಉತ್ತರಿಸುತ್ತಾರೆ. ಮಂಗಳೂರು ಕಡೆಯ ಕ್ಯಾಥೊಲಿಕರಿಗೆ ಪರಿಚಿತವಾದ ಊದ್ ಮೇಥಾದ ಸೇಂಟ್ ಮೇರೀಸ್ ಚರ್ಚ್‌ಗೂ 1960ರ ದಶಕದಲ್ಲಿ ಜಾಗ ಕೊಟ್ಟವರು ಶೇಖ್ ರಶೀದ್ ಅವರೇ.

2024ರ ಜನವರಿಯಲ್ಲಿ ಬರ್ ದುಬೈನ ಶಿವ ಮಂದಿರ ಮತ್ತು ಅಲ್ಲಿನ ಪ್ರಾರ್ಥನಾ ಮಂದಿರ ಸಿಂಧಿ ಗುರು ದರ್ಬಾರ್ ಜೆಬೆಲ್ ಅಲಿಗೆ ಸ್ಥಳಾಂತರಗೊಂಡವು. ನೂಕುನುಗ್ಗಲಿನ ಓಣಿಗಿಂತ ಅಲ್ಲಿ ಅನುಕೂಲ ಹೆಚ್ಚು, ನಿಜ. ಕೃಷ್ಣ ಮಂದಿರ ಮಾತ್ರ ಹಳೆಯ ಜಾಗದಲ್ಲೇ ಉಳಿಯಿತು. ಹಳೆಯ ದುಬೈಯನ್ನು ನೋಡಬೇಕೆನ್ನುವವರು ಅಲ್ಲಿಗೆ ಹೋಗುವುದನ್ನು ಮುಂದೂಡಬಾರದು.